ಅಮೆರಿಕದ ಅಂತರ್ಯುದ್ಧ ಮತ್ತು ಧಾರವಾಡದ ಎರೆನಾಡು

19ನೆಯ ಶತಮಾನದ ಧಾರವಾಡ ಸೀಮೆಯ ಯುದ್ಧಗಳೆಂದಾಗ ಕಿತ್ತೂರು ಮತ್ತು ನರಗುಂದದ ಹೋರಾಟಗಳು ಮೊದಲು ನೆನಪಾಗುತ್ತವೆ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಹೊಲ, ದಾರಿ ಮತ್ತು ಕಂದಾಯಗಳನ್ನು ಬದಲಿಸಿದ ಇನ್ನೊಂದು ಯುದ್ಧ ಸಾವಿರಾರು ಮೈಲಿ ದೂರದಲ್ಲಿ ನಡೆಯಿತು. ಅದು 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ. ಈ ಯುದ್ಧವು ಇಲ್ಲಿಯ ಹಳ್ಳಿಗಳಿಗೆ ಯುದ್ಧವಾಗಿ ಬರಲಿಲ್ಲ, ಹತ್ತಿಯ ಧಾರಣೆಯಾಗಿ ಬಂತು. ಜನಪದ ಸ್ಮೃತಿಯಲ್ಲಿ ಅದರ ಸ್ಥಾನವನ್ನು ನಿರ್ಧರಿಸಿದ್ದೂ ಈ ಸಂಗತಿಯೇ.

ಗುಲಾಮಗಿರಿಯ ಪ್ರಶ್ನೆಯಿಂದ ಹುಟ್ಟಿದ ಈ ಯುದ್ಧದ ಬಗ್ಗೆ ಇಂಗ್ಲೆಂಡಿನಲ್ಲಿಯೇ ತೀವ್ರ ಭಿನ್ನಾಭಿಪ್ರಾಯಗಳಿದ್ದವು. ಲ್ಯಾಂಕಾಷೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಗುಲಾಮರು ದುಡಿಯುತ್ತಿದ್ದ ಅಮೆರಿಕದ ದಕ್ಷಿಣ ಸಂಸ್ಥಾನಗಳ ತೋಟಗಳಿಂದ ಬರುತ್ತಿತ್ತು. ಉತ್ತರದ ಒಕ್ಕೂಟ ಸರಕಾರವು ಆ ಸಂಸ್ಥಾನಗಳ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಗಿರಣಿ ಮಾಲೀಕರ ದೃಷ್ಟಿ ಮುಂಬಯಿ ಪ್ರಾಂತದ ಮೇಲೆ ಬಿತ್ತು. ಯುದ್ಧಕಾಲದಲ್ಲಿ ಮುಂಬಯಿಗೆ ಹತ್ತಿಯಿಂದ ಬಂದ ಹೆಚ್ಚುವರಿ ಹಣವನ್ನು ಸುಮಾರು 8 ಕೋಟಿ ಪೌಂಡುಗಳೆಂದು ಅಂದಾಜಿಸಲಾಗಿದೆ.

ಧಾರವಾಡ ಈ ಬೇಡಿಕೆಗೆ ಮೊದಲೇ ಅಣಿಯಾಗಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೇಸಾಯಗಾರರನ್ನು ಭಾರತಕ್ಕೆ ಕರೆಸಿತು. ಅವರ ಪ್ರಯೋಗಗಳ ಭಾಗವಾಗಿ ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ಕೃಷಿಕ್ಷೇತ್ರವೊಂದು ಆರಂಭವಾಯಿತು. ಕಲೆಕ್ಟರ್ ಷಾ ಅವರ ಉತ್ತೇಜನದಿಂದ ನ್ಯೂ ಆರ್ಲಿಯನ್ಸ್ ಬೀಜ ರೈತರ ಹೊಲಗಳಿಗೂ ಬಂತು. ಭಾರತದ ಇತರ ಹಲವು ಕಡೆ ಸೋತ ಈ ಬೀಜ ಇಲ್ಲಿಯ ಎರೆಮಣ್ಣಿನಲ್ಲಿ, ಹಿಂಗಾರಿನ ತೇವದಲ್ಲಿ ನೆಲೆಯೂರಿ ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಪಡೆಯಿತು. ರೈತರು ಅದನ್ನು ‘ವಿಲಾಯತಿ ಹತ್ತಿ’ ಎಂದರು. ತಮ್ಮ ಹಳೆಯ ತಳಿ ಅವರಿಗೆ ‘ಜವಾರಿ ಹತ್ತಿ’. ಈ ಜವಾರಿ ಹತ್ತಿಯನ್ನೇ ವರ್ತಕರು ‘ಕುಮಟಾ’ ಎಂದು ಕರೆದರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ಹಡಗು ಹತ್ತುತ್ತಿದ್ದ ಬಂದರು. ಬೆಳೆದವನ ಊರಿನ ಬದಲು ಸಾಗಿಸಿದ ಬಂದರಿನ ಹೆಸರು ಬೆಳೆಗೆ ಅಂಟಿದ್ದು ಆ ವ್ಯಾಪಾರದ ಸ್ವರೂಪವನ್ನೇ ಸೂಚಿಸುತ್ತದೆ.

ರಾಜಕೀಯ ಪರಿಣಾಮಗಳಲ್ಲಿ ಮೊದಲನೆಯದು ಗಡಿಗಳಿಗೆ ಸಂಬಂಧಿಸಿದ್ದು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಬೇಕೆಂಬ ಮ್ಯಾಂಚೆಸ್ಟರ್ ವರ್ತಕರ ಒತ್ತಾಯದ ಹಿನ್ನೆಲೆಯಲ್ಲಿ, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹೀಗೆ ಕನ್ನಡದ ಒಂದು ಕರಾವಳಿ ಜಿಲ್ಲೆಯೂ ಧಾರವಾಡವೂ ಒಂದೇ ಆಡಳಿತದಡಿ ಬಂದವು. ಕಲಬೆರಕೆಯನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರ ಹತ್ತಿ ವಂಚನೆ ಕಾಯಿದೆಯನ್ನು ಜಾರಿಗೊಳಿಸಿತು. ಬ್ರಿಟಿಷ್ ಆಡಳಿತದ ನವಲಗುಂದ ತಾಲೂಕಿನ ಪಕ್ಕದಲ್ಲೇ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಆಡಳಿತಗಳು ಬೇರೆಯಾದರೂ ಎರಡೂ ಕಡೆಯ ಹತ್ತಿಗೆ ಪೇಟೆ ಒಂದೇ ಆಗಿತ್ತು.

ಪರಿಸರದ ಬದಲಾವಣೆ ಎರೆಹೊಲಕ್ಕಷ್ಟೇ ಸೀಮಿತವಾಗಲಿಲ್ಲ. ಲಂಬಾಣಿಗರ ಹೇರೆತ್ತುಗಳು ಹತ್ತಿಯನ್ನು ಘಟ್ಟ ಇಳಿಸಿ, ಮರಳುವಾಗ ಉಪ್ಪು, ತೆಂಗು ತರುತ್ತಿದ್ದ ದಾರಿಗಳು ಬಂಡಿರಸ್ತೆಗಳಾದವು. ಕುಮಟೆಗೆ ದೇವಿಮನೆ ಘಟ್ಟ, ಕಾರವಾರಕ್ಕೆ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟದ ಮಾರ್ಗ. ಹತ್ತಿಗಾಗಿ ಬಲಗೊಂಡ ಈ ರಸ್ತೆಗಳು ಕಾಡಿನ ಮರಕ್ಕೂ ದಾರಿಯಾದವು. 1880ರ ದಶಕದಲ್ಲಿ ರೈಲು ಬಂದು ಹುಬ್ಬಳ್ಳಿ, ಅಣ್ಣಿಗೇರಿ, ಗದಗಗಳನ್ನು ಜೋಡಿಸಿದ ಮೇಲೆ ಹೇರೆತ್ತಿನ ಕಸುಬು ಕುಸಿಯಿತು. ಬಯಲಿನಲ್ಲಿ ಜೋಳದ ಹೊಲಗಳಿಗೆ ಹತ್ತಿ ಹರಡಿತು; ದನ ಮೇಯುತ್ತಿದ್ದ ಬೀಳುಭೂಮಿಗಳು ಸಾಗುವಳಿಗೆ ಬಂದವು. ಜೋಳವನ್ನು ಹಗೇವಿನಲ್ಲಿ ಕೂಡಿಡಬಹುದು, ಹತ್ತಿಯನ್ನು ಮಾರಲೇಬೇಕು. ಈ ಅಂತರ ಬರಗಾಲದಲ್ಲಿ ನಿರ್ಣಾಯಕವಾಗುತ್ತದೆ.

ಸಾಂಸ್ಕೃತಿಕ ನೆಲೆಯಲ್ಲಿ ಬದಲಾವಣೆ ಮನೆಯೊಳಗಿನದು. ಹೆಂಗಸರು ಹಾಸುಗಲ್ಲಿನ ಮೇಲೆ ಕಬ್ಬಿಣದ ಉರುಳೆಯನ್ನು ಪಾದದಿಂದ ಉರುಳಿಸಿ ಅರಳೆಯನ್ನೂ ಹತ್ತಿಕಾಳನ್ನೂ ಬೇರ್ಪಡಿಸುತ್ತಿದ್ದರು. ವಿಲಾಯತಿ ಹತ್ತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿರುವುದರಿಂದ ಅದಕ್ಕೆ ಗರಗಸ ಹಲ್ಲಿನ ಯಂತ್ರವೇ ಬೇಕಾಯಿತು. ಧಾರವಾಡದಲ್ಲಿ ಸರಕಾರಿ ಯಂತ್ರ ಕಾರ್ಖಾನೆಯೂ ನಡೆಯಿತು. ಧಾರಣೆ ಏರಿದಾಗ ಬೆಳೆದವನಿಗೆ ಲಾಭವಾಯಿತು. ಅದೇ ಹತ್ತಿಯನ್ನು ಕೊಂಡು ಬದುಕುವ ನೂಲುವವರಿಗೂ ನೇಕಾರರಿಗೂ ಅದು ಹೊರೆಯಾಯಿತು. ಇದೇ ಪ್ರಾಂತದಲ್ಲಿ ಜ್ಯೋತಿಬಾ ಫುಲೆಯವರು 1873ರ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಗುಲಾಮರ ವಿಮೋಚನೆಗೆ ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದು, ಆ ಯುದ್ಧಕ್ಕೆ ಧಾರಣೆಯಾಚೆಗಿನ ಅರ್ಥವನ್ನು ಕಂಡ ನಿದರ್ಶನ.

1865ರಲ್ಲಿ ಯುದ್ಧ ನಿಂತೊಡನೆ ಧಾರಣೆ ಬಿತ್ತು. ಆದರೆ ಏರಿದ ಕಾಲದ ಲೆಕ್ಕ ಕಂದಾಯ ಕಚೇರಿಯಲ್ಲಿ ಉಳಿಯಿತು. 1840ರ ದಶಕದಲ್ಲಿ ಮೂವತ್ತು ವರ್ಷಕ್ಕೆ ನಿಗದಿಯಾಗಿದ್ದ ಕಂದಾಯ 1870ರ ದಶಕದಲ್ಲಿ ಮರುನಿಗದಿಗೆ ಬಂದಾಗ ಬೆಲೆಯೇರಿಕೆಯೂ ರಸ್ತೆ ಸೌಕರ್ಯವೂ ಹೆಚ್ಚಳಕ್ಕೆ ಆಧಾರಗಳಾದವು. ಬೆನ್ನಿಗೇ 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಬಂತು. 1872ರಲ್ಲಿ ಸುಮಾರು 9.88 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 8.83 ಲಕ್ಷಕ್ಕೆ ಇಳಿಯಿತು. ಈ ಬರಕ್ಕೆ ಹತ್ತಿಯೊಂದೇ ಕಾರಣವೆನ್ನಲಾಗದು. ಮಳೆ ಕೈಕೊಟ್ಟದ್ದೇ ಮೂಲ. ಆದರೆ ಬರವನ್ನು ಎದುರಿಸುವ ಹಳ್ಳಿಯ ಶಕ್ತಿ ಪೇಟೆಯ ಏರಿಳಿತಕ್ಕೆ ಆಗಲೇ ಒಳಗಾಗಿತ್ತು.

ಜೆ. ಎಫ್. ಫ್ಲೀಟ್ ಅವರು 19ನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನಿದ್ದಾನೆ, ಹಲಗಲಿಯ ಬೇಡರಿದ್ದಾರೆ, ಆದಾಯ ತೆರಿಗೆಯ ಸಂಕಟವೂ ಇದೆ. ಹತ್ತಿಯ ಧಾರಣೆ ಅಲ್ಲಿ ವಸ್ತುವಾಗಿಲ್ಲ. ಲಾವಣಿಗೆ ನಾಯಕ ಬೇಕು, ಎದುರಾಳಿ ಬೇಕು; ತೆರಿಗೆ ಕೇಳುವ ಅಧಿಕಾರಿಗೂ ಒಂದು ಮುಖವಿದೆ. ಧಾರಣೆಗೆ ಮುಖವಿಲ್ಲ. 1980ರ ಜುಲೈ 21ರಂದು ನೀರಾವರಿಯಿಂದ ಬಂದೀತೆಂಬ ಲಾಭದ ಮೇಲೆ ಹಾಕಿದ ಬೆಟರ್‌ಮೆಂಟ್ ಲೆವಿಯ ವಿರುದ್ಧ ನವಲಗುಂದ, ನರಗುಂದಗಳಲ್ಲಿ ರೈತರು ಎದ್ದರು. ಗೋಲಿಬಾರಿನಲ್ಲಿ ಮಡಿದವರ ಸ್ಮರಣೆ ಪ್ರತಿವರ್ಷ ನಡೆಯುತ್ತದೆ. ಕಾಣದ ಲಾಭಕ್ಕೆ ಕರ ತೆರುವ ಸಂಕಟ 1870ರ ದಶಕದಲ್ಲಿಯೂ ಇದೇ ಜಾತಿಯದು. ಆದರೆ ಅದರ ಸ್ಮಾರಕ ಕಲ್ಲಿನಲ್ಲಿಲ್ಲ. ಜವಾರಿ-ವಿಲಾಯತಿ ಎಂಬ ಜೋಡಿಪದಗಳಲ್ಲಿ, ಘಟ್ಟದ ರಸ್ತೆಗಳಲ್ಲಿ, ಜೋಳ-ಹತ್ತಿಗಳ ಪೈಪೋಟಿಯಲ್ಲಿದೆ. ಆದ್ದರಿಂದ ಈ ಭಾಗದ ಜಾನಪದ ಸಂಗ್ರಹಕಾರ್ಯವು ಹಾಡು-ಕಥೆಗಳಷ್ಟೇ ಶ್ರದ್ಧೆಯಿಂದ ಬೀಜ, ಉಪಕರಣ ಮತ್ತು ಪೇಟೆಯ ಪದಗಳನ್ನೂ ದಾಖಲಿಸಬೇಕಾಗಿದೆ. ಹಾಡಾಗದ ಚರಿತ್ರೆ ಅಲ್ಲಿ ಉಳಿದಿರುತ್ತದೆ.