ವೃತ್ತಫಲಕದ ರೇಖಾಲಂಕಾರವೂ ಭ್ರಮಯಂತ್ರವೂ

ದುಂಡಾದ ಮರದ ಹಲಗೆಯ ಮೇಲೆ ಅಂಚನ್ನು ಅನುಸರಿಸಿ ಸುತ್ತುವ ಗೀರುಗಳನ್ನು ಕೊರೆದು ಅಲಂಕರಿಸುವ ಕೌಶಲಕ್ಕೆ ನಮ್ಮ ದೇಶದಲ್ಲಿ ದೀರ್ಘವಾದ ಇತಿಹಾಸವುಂಟು. ಆದರೆ ಮರವು ಗೆದ್ದಲಿಗೂ ಮಳೆಗೂ ಬೆಂಕಿಗೂ ಆಹುತಿಯಾಗುವ ವಸ್ತು. ಆದುದರಿಂದ ಶಿಲ್ಪೇತಿಹಾಸವನ್ನು ಬರೆಯುವವರು ಉಳಿದುಬಂದ ಕಲ್ಲನ್ನೇ ಆಧಾರವಾಗಿಟ್ಟುಕೊಂಡು, ಬಡಗಿಯನ್ನು ಕಲ್ಲುಕುಟಿಗನ ಅನುಯಾಯಿಯೆಂಬಂತೆ ಕಾಣುವುದುಂಟು. ಈ ಕ್ರಮವು ಯುಕ್ತವಲ್ಲ. ವೃತ್ತರೇಖೆಯ ವಿಷಯದಲ್ಲಿ ಬಡಗಿಯೇ ಪೂರ್ವಾಚಾರ್ಯನೆಂದು ಊಹಿಸಲು ಸಾಹಿತ್ಯ, ಶಾಸನ, ಶಬ್ದಗಳೆಂಬ ಮೂರು ಬಗೆಯ ಆಧಾರಗಳುಂಟು.

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ದುಂಡುಗೀರನ್ನು ಕೊರೆಯಲು ಎರಡೇ ಮಾರ್ಗಗಳಿವೆ. ಮರವನ್ನು ತಿರುಗಿಸಿ ಉಳಿಯನ್ನು ನಿಲ್ಲಿಸುವುದು ಒಂದು. ಮರವನ್ನು ನಿಲ್ಲಿಸಿ ಉಳಿಯನ್ನು ಸುತ್ತಿಸುವುದು ಮತ್ತೊಂದು. ಮೊದಲನೆಯದಕ್ಕೆ ಸಂಸ್ಕೃತದಲ್ಲಿ ಭ್ರಮವೆಂಬ ಯಂತ್ರವು ಸಾಧನ. ಎರಡನೆಯದರ ಮೂಲವು ಶುಲ್ಬಸೂತ್ರಗಳಲ್ಲಿ ಹೇಳಿರುವ ಶಂಕುರಜ್ಜುಗಳ ವಿಧಾನದಲ್ಲಿದೆ. ನಡುವೆ ಗೂಟವನ್ನು ನೆಟ್ಟು, ಅದಕ್ಕೆ ಕಟ್ಟಿದ ಹಗ್ಗದ ತುದಿಯಿಂದ ವೃತ್ತವನ್ನು ಎಳೆಯುವುದೇ ಅದು. ಇಂದಿನ ವಿದ್ಯುತ್ತಿನ ರೌಟರನ್ನು ಮೇಜಿನ ಹಲಗೆಯ ನಡುವಣ ಮೊಳೆಗೆ ಪಟ್ಟಿಯಿಂದ ಜೋಡಿಸಿ ಸುತ್ತಿಸುವಾಗ ನಡೆಯುವುದೂ ಇದೇ ಕ್ರಿಯೆ. ಎರಡು ಮಾರ್ಗಗಳಲ್ಲಿಯೂ ತೊಡಕು ಒಂದೇ. ಹಲಗೆಯ ಎಳೆಗಳು ಒಂದೇ ದಿಕ್ಕಿನಲ್ಲಿ ಹರಿಯುವುವು, ಗೀರಾದರೋ ಸುತ್ತುವುದು. ಆದುದರಿಂದ ಒಂದು ಸುತ್ತಿನಲ್ಲಿ ಉಳಿಯು ಎರಡೆಡೆ ಎಳೆಯೊಡನೆ ಸಾಗಿ, ಎರಡೆಡೆ ಎಳೆಯನ್ನು ಅಡ್ಡಗಡಿಯಬೇಕಾಗುತ್ತದೆ. ಅವಸರಪಟ್ಟರೆ ಅಂಚು ಸಿಬಿರೇಳುತ್ತದೆ. ಹರಿತವಾದ ಉಳಿಯಿಂದ, ಸ್ವಲ್ಪಸ್ವಲ್ಪವಾಗಿ, ಹಲವು ಸುತ್ತುಗಳಲ್ಲಿ ಆಳವನ್ನು ಪಡೆಯುವುದೇ ಇದಕ್ಕೆ ಪರಿಹಾರ.

ಇನ್ನು ಸಾಹಿತ್ಯದ ಆಧಾರ. ಪಾಳಿಯ ಸತಿಪಟ್ಠಾನಸುತ್ತದಲ್ಲಿ ಉಸಿರಾಟದ ಅರಿವಿಗೆ ಭ್ರಮಕಾರನೇ ಉಪಮಾನ. ನುರಿತ ಭ್ರಮಕಾರನಾಗಲಿ ಅವನ ಶಿಷ್ಯನಾಗಲಿ, ದೀರ್ಘವಾಗಿ ಎಳೆಯುವಾಗ ದೀರ್ಘವೆಂದೂ ಹ್ರಸ್ವವಾಗಿ ಎಳೆಯುವಾಗ ಹ್ರಸ್ವವೆಂದೂ ಅರಿತಿರುವಂತೆ ಭಿಕ್ಷುವು ಉಸಿರನ್ನು ಅರಿಯಬೇಕೆಂಬುದು ಅಲ್ಲಿಯ ತಾತ್ಪರ್ಯ. ಭೇರಿಯಂತಹ ದೊಡ್ಡ ವಸ್ತುಗಳಿಗೆ ದೀರ್ಘವಾದ ಎಳೆತವೂ, ದಂತದ ಸಣ್ಣ ಕೆಲಸಕ್ಕೆ ಹ್ರಸ್ವವಾದ ಎಳೆತವೂ ಬೇಕೆಂದು ಅಟ್ಠಕಥೆಯು ವಿವರಿಸುತ್ತದೆ. ಆ ಯಂತ್ರವು ಒಂದೇ ಸಮನೆ ಸುತ್ತುತ್ತಿರಲಿಲ್ಲ; ಹಗ್ಗದ ಎಳೆತದಿಂದ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿತ್ತೆಂದು ಇದರಿಂದ ತೋರುತ್ತದೆ. ಸಂಜ್ಞಾದೇವಿಗೆ ಸೂರ್ಯನ ತೇಜಸ್ಸು ಸಹಿಸಲಾಗದಿರಲು, ವಿಶ್ವಕರ್ಮನು ಅವನನ್ನು ಭ್ರಮದ ಮೇಲೇರಿಸಿ ಎಂಟನೆಯ ಒಂದು ಭಾಗವನ್ನು ತೇಯ್ದನೆಂದು ವಿಷ್ಣುಪುರಾಣದ ಕಥೆ. ರಘುವಂಶದ 6ನೆಯ ಸರ್ಗದಲ್ಲಿ ಅವಂತಿರಾಜನಿಗೆ ಈ ಸೂರ್ಯನೇ ಉಪಮಾನ. ಅಲ್ಲಿ ಶಿಲ್ಪಿಯ ಹೆಸರು ತ್ವಷ್ಟೃ. ಅಮರಕೋಶವು ತ್ವಷ್ಟೃ, ತಕ್ಷ, ವರ್ಧಕಿ ಎಂಬಿವನ್ನು ಪರ್ಯಾಯಪದಗಳನ್ನಾಗಿ ಹೇಳಿರುವುದು ಗಮನಾರ್ಹ. ಸೂರ್ಯಬಿಂಬವನ್ನು ದುಂಡಗೆ ಕಡೆದವನ ಹೆಸರು ಲೋಕದಲ್ಲಿ ಬಡಗಿಯ ಹೆಸರೇ ಆಗಿದೆ. ಕನ್ನಡದ ಬಡಗಿಯೆಂಬುದೂ ವರ್ಧಕಿಯ ತದ್ಭವವೇ.

ಶಾಸನದ ಆಧಾರವು ಮಹಾರಾಷ್ಟ್ರದ ಕಾರ್ಲೆಯಲ್ಲಿದೆ. ಕ್ರಿಸ್ತಶಕದ ಆದಿಯ ಶತಮಾನಗಳಿಗೆ ಸೇರಿದ ಆ ಚೈತ್ಯಗೃಹವನ್ನು ಬಂಡೆಯಲ್ಲಿ ಕೊರೆದಿದ್ದರೂ ಕಮಾನಿನ ಒಳಮೈಯಲ್ಲಿ ಮರದ ತೊಲೆಗಳನ್ನು ಕೂಡಿಸಿರುವರು. ಸ್ತೂಪದ ಮೇಲಿನ ಛತ್ರವೂ ಮರದ್ದೇ; ಅದರ ಕೆಳಮೈಯಲ್ಲಿ ಸೂಕ್ಷ್ಮವಾದ ಕೆತ್ತನೆಯುಂಟು. ಪ್ರಾಚೀನವಾದ ದುಂಡುಮರದ ಅಲಂಕರಣಕ್ಕೆ ಇಂತಹ ಪ್ರತ್ಯಕ್ಷಸಾಕ್ಷಿಯು ಅಪೂರ್ವ. ಅಲ್ಲಿಯ ಒಂದು ಶಾಸನವು ಶಿಲಾಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನ ಕಾರ್ಯವೆಂದು ಹೇಳುತ್ತದೆ. ವೈಜಯಂತಿಯು ನಮ್ಮ ಬನವಾಸಿಯೆಂಬುದು ವಿದ್ವಾಂಸರ ಅಭಿಪ್ರಾಯ. ಮತ್ತೊಂದು ಶಾಸನದಲ್ಲಿ ಧೇನುಕಾಕಟದ ಸಾಮಿಯೆಂಬ ವರ್ಧಕಿಯು ದ್ವಾರವನ್ನು ಮಾಡಿದನೆಂದಿದೆ. ಇದು ಕಲ್ಲಿನ ಕೆಲಸವಾಗಿದ್ದರೆ ಬಡಗಿಯೇ ಕಲ್ಲನ್ನು ಕೊರೆದನೆಂದಾಯಿತು. ಮರದ ಕೆಲಸವಾಗಿದ್ದರೆ ಇಬ್ಬರೂ ಒಂದೇ ಮನೆಯಲ್ಲಿ ಕೂಡಿ ದುಡಿದರೆಂದಾಯಿತು. ಹೇಗಾದರೂ ಬಡಗಿಯು ಅನುಯಾಯಿಯಾಗಿರಲಿಲ್ಲ.

ಕನ್ನಡನಾಡಿನಲ್ಲಿ ಈ ಪರಂಪರೆಯು ಕಂಬಗಳಲ್ಲಿ ಕಾಣಬರುತ್ತದೆ. 1112ರ ಇಟಗಿಯ ಮಹಾದೇವಾಲಯದಲ್ಲಿಯೂ, 1117ರ ಬೇಲೂರಿನ ದೇವಾಲಯದಲ್ಲಿಯೂ ಮೃದುವಾದ ಬಳಪದ ಕಲ್ಲಿನ ಕಂಬಗಳ ಮೇಲೆ ಸಣ್ಣ ಸಣ್ಣ ಬಳೆಗಳಂತೆ ಗೀರುಗಳು ಸುತ್ತಿವೆ. ಇವುಗಳಿಗೆ ಕಡೆದ ಕಂಬಗಳೆಂದು ಹೆಸರು. ಇಲ್ಲಿಯೇ ಶಬ್ದದ ಆಧಾರವೂ ದೊರೆಯುತ್ತದೆ. ಕಡೆಯುವುದೆಂಬ ಒಂದೇ ಕ್ರಿಯಾಪದವು ಮೊಸರಿಗೂ ಮರಕ್ಕೂ ಕಲ್ಲಿಗೂ ಸಲ್ಲುತ್ತದೆ. ಕಡೆಗೋಲಿಗೆ ಹಗ್ಗವನ್ನು ಸುತ್ತಿ ಎಡಕ್ಕೂ ಬಲಕ್ಕೂ ಎಳೆಯುವ ಚಲನೆಯೇ ಪ್ರಾಚೀನ ಭ್ರಮಯಂತ್ರದ ಚಲನೆ. ಯಂತ್ರವು ಅಳಿದರೂ ಅದರ ಚಲನೆಯನ್ನು ನುಡಿಯು ಕಾಪಾಡಿಕೊಂಡಿದೆ.

ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ತಿರುಗುವ ಮರಕ್ಕೆ ಅರಗನ್ನು ಒತ್ತಿ, ಘರ್ಷಣೆಯ ಬಿಸಿಯಿಂದಲೇ ಬಣ್ಣವನ್ನು ಹಿಡಿಸುವ ಕೆಲಸವು ಇಂದಿಗೂ ನಡೆಯುತ್ತಿದೆ. ಅಲ್ಲಿ ವಿದ್ಯುತ್ತು ಹಗ್ಗದ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಹಳೆಯ ಉಪಕರಣವು ಮೂಲೆಗೆ ಸೇರಿದಾಗ ಅದರ ಅಂಗಾಂಗಗಳ ಹೆಸರುಗಳೂ ಮರೆಯಾಗುವುವು. ಶಾಸನಗಳನ್ನು ಪಡಿಯಚ್ಚು ತೆಗೆದು ರಕ್ಷಿಸುವಷ್ಟೇ ಶ್ರದ್ಧೆಯಿಂದ ಬಡಗಿಗಳ ನುಡಿಗಳನ್ನು ಬರೆದಿಡುವುದು ಇತಿಹಾಸಶೋಧಕರ ಕರ್ತವ್ಯ. ಮರದ ಇತಿಹಾಸಕ್ಕೆ ಅವರ ಬಾಯಿಮಾತೇ ತಾಮ್ರಪಟ.