ಕಂತಿನ ದುಡ್ಡು ಯಾರದ್ದು? ಮುಂಧ್ರಾ ಹಗರಣದ ಕಥೆ

ವಿಮೆಯ ಮೋಸದ ಮೇಲೆ ಥ್ರಿಲ್ಲರ್ ಸಿನಿಮಾ ಅಂದರೆ ಎರಡು ಹೆಸರು ಥಟ್ಟನೆ ನೆನಪಾಗುತ್ತವೆ. 1944ರ 'ಡಬಲ್ ಇಂಡೆಮ್ನಿಟಿ'ಯಲ್ಲಿ ವಿಮಾ ಏಜೆಂಟನೇ ಗ್ರಾಹಕನ ಹೆಂಡತಿ ಜೊತೆ ಸೇರಿ, ಪಾಲಿಸಿ ಹಣಕ್ಕಾಗಿ ಗ್ರಾಹಕನನ್ನೇ ಮುಗಿಸುತ್ತಾನೆ. 1997ರ 'ದಿ ರೇನ್‌ಮೇಕರ್'ನಲ್ಲಿ ರಕ್ತದ ಕ್ಯಾನ್ಸರ್ ಆದ ಹುಡುಗನ ಕ್ಲೇಮನ್ನು ಕಂಪನಿ ತಳ್ಳಿಹಾಕುತ್ತದೆ. ಒಂದರಲ್ಲಿ ಕಂಪನಿಗೆ ಟೋಪಿ, ಇನ್ನೊಂದರಲ್ಲಿ ಗ್ರಾಹಕನಿಗೆ. ಮೂರನೇ ಥರದ ಮೋಸವೂ ಒಂದಿದೆ. ಅಲ್ಲಿ ಯಾರೂ ಸಾಯೋದಿಲ್ಲ, ಯಾರ ಕ್ಲೇಮೂ ನಿಲ್ಲೋದಿಲ್ಲ, ದುಡ್ಡು ಮಾತ್ರ ಹೋಗಿರುತ್ತದೆ. ಅಂಥ ಒಂದು ಕಥೆಯ ವಿಚಾರಣೆ ನಡೆದದ್ದು ನಮ್ಮ ಮುಂಬಯಿಯಲ್ಲೇ.

ಮೊದಲು ವ್ಯವಹಾರ ಅರ್ಥ ಮಾಡಿಕೊಳ್ಳೋಣ. ಜೀವವಿಮೆಯಲ್ಲಿ ನಾವು ಕಂತು ಕಟ್ಟೋದು ಇವತ್ತು, ಹಣ ಕೈಗೆ ಬರೋದು ಇಪ್ಪತ್ತು ವರ್ಷ ಆದಮೇಲೆ. ನಡುವೆ ಆ ದುಡ್ಡು ಸುಮ್ಮನೆ ಕೂತಿರೋದಿಲ್ಲ, ಬಂಡವಾಳವಾಗಿ ಎಲ್ಲೋ ಹೂಡಿಕೆ ಆಗಿರುತ್ತದೆ. ಎಲ್ಲಿ ಹೂಡಬೇಕು ಅಂತ ತೀರ್ಮಾನಿಸುವವನ ಕೈಯಲ್ಲೇ ಬೀಗದಕೈ.

ಸ್ವಾತಂತ್ರ್ಯದ ಹೊತ್ತಿಗೆ ಈ ಬೀಗದಕೈ ಖಾಸಗಿ ಕಂಪನಿಗಳ ಹತ್ತಿರ ಇತ್ತು. ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರು ಭಾರತ್ ಇನ್ಶೂರೆನ್ಸ್ ಕಂಪನಿಯ ಹಣವನ್ನು ತಮ್ಮ ಬೇರೆ ವ್ಯವಹಾರಕ್ಕೆ ತಿರುಗಿಸಿದ್ದನ್ನು 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಬಯಲು ಮಾಡಿದರು. ದಾಲ್ಮಿಯಾ ಮುಂದೆ ಜೈಲಿಗೂ ಹೋದರು.

1956ರ ಜನವರಿ 19. ಸುಗ್ರೀವಾಜ್ಞೆ ಹೊರಟು ಜೀವವಿಮೆಯ ಆಡಳಿತ ಸರ್ಕಾರದ ಕೈಗೆ ಬಂತು. ತಯಾರಿ ಎಲ್ಲ ಗುಟ್ಟಾಗಿ ನಡೆದಿತ್ತು, ಕಂಪನಿಗಳಿಗೆ ಸುಳಿವು ಸಿಕ್ಕರೆ ತಿಜೋರಿ ಖಾಲಿ ಆದೀತು ಅಂತ. ಅದನ್ನು ರೇಡಿಯೋದಲ್ಲಿ ದೇಶಕ್ಕೆ ತಿಳಿಸಿದ ಅರ್ಥಮಂತ್ರಿ ಸಿ.ಡಿ. ದೇಶಮುಖ್ ನಮ್ಮ ಕಾಮೋಠೆ ಇರುವ ಈ ರಾಯಗಡ ಜಿಲ್ಲೆಯವರೇ, ಮಹಾಡ್ ಹತ್ತಿರದ ನಾತೆ ಊರಲ್ಲಿ ಹುಟ್ಟಿದವರು. ಸೆಪ್ಟೆಂಬರ್ 1ರಂದು 245 ಸಂಸ್ಥೆಗಳು ಒಂದಾಗಿ ಎಲ್‌ಐಸಿ ಹುಟ್ಟಿತು.

ಇನ್ನು ಮೋಸ ಇಲ್ಲ ಅಂತ ಜನ ನಿಟ್ಟುಸಿರು ಬಿಟ್ಟರು. ಒಂದು ವರ್ಷವೂ ಆಗಲಿಲ್ಲ ನೋಡಿ. 1957ರ ಜೂನಿನಲ್ಲಿ ಎಲ್‌ಐಸಿ ಕಲ್ಕತ್ತೆಯ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು 1.25 ಕೋಟಿ ರೂಪಾಯಿಗೆ ಕೊಂಡಿತು. ಜೆಸಪ್, ಮುಂಬಯಿಯ ರಿಚರ್ಡ್‌ಸನ್ ಅಂಡ್ ಕ್ರುಡಾಸ್, ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಎಲ್ಲ ಆ ಪಟ್ಟಿಯಲ್ಲಿದ್ದವು. ಮುಂಧ್ರಾ ಆಗಲೇ ಸಾಲದಲ್ಲಿ ಮುಳುಗಿದ್ದ ಆಸಾಮಿ. ಹೂಡಿಕೆ ನೋಡಿಕೊಳ್ಳಲೆಂದೇ ಎಲ್‌ಐಸಿಯಲ್ಲಿ ಒಂದು ಸಮಿತಿ ಇತ್ತು, ಅದನ್ನು ಕೇಳಲೇ ಇಲ್ಲ. ಕಲ್ಕತ್ತಾ ಷೇರುಪೇಟೆಯನ್ನು ಎತ್ತಿಹಿಡಿಯೋಕೆ ಕೊಂಡೆವು ಅನ್ನೋದು ಆಮೇಲೆ ಕೊಟ್ಟ ಕಾರಣ.

ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಮತ್ತೆ ಎದ್ದು ನಿಂತರು. ಆಳುವ ಪಕ್ಷದವರೇ, ಸಾಲದ್ದಕ್ಕೆ ಪ್ರಧಾನಿ ನೆಹರೂ ಅವರ ಅಳಿಯ. ಮಾವನ ಸರ್ಕಾರವನ್ನೇ ಕಟಕಟೆಗೆ ಎಳೆದರು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕ ಆಯಿತು.

ಈ ಕಥೆಯ ಜೀವಾಳ ಇಲ್ಲಿದೆ. ಛಾಗ್ಲಾ ವಿಚಾರಣೆಯನ್ನು ಬಾಗಿಲು ತೆರೆದಿಟ್ಟು ನಡೆಸಿದರು. ಜನ ಕಿಕ್ಕಿರಿದರು, ಹೊರಗೆ ನಿಂತವರಿಗೆ ಕೇಳಲಿ ಅಂತ ಧ್ವನಿವರ್ಧಕ ಹಾಕಿಸಬೇಕಾಯಿತು. ಕಂತು ಕಟ್ಟಿದ ಸಾಮಾನ್ಯ ಮನುಷ್ಯ ರಸ್ತೆಯಲ್ಲಿ ನಿಂತು, ತನ್ನ ದುಡ್ಡಿನ ಬಗ್ಗೆ ಅರ್ಥಮಂತ್ರಿ ಕೊಡುವ ಉತ್ತರ ಕೇಳಿಸಿಕೊಂಡ! ಮಂತ್ರಿ ಟಿ.ಟಿ. ಕೃಷ್ಣಮಾಚಾರಿ, ಇದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ ಅಂದರು. ಕಾರ್ಯದರ್ಶಿ ಎಚ್.ಎಂ. ಪಟೇಲ್, ಮಂತ್ರಿಗಳಿಗೆ ಗೊತ್ತಿತ್ತು ಅಂದರು. ಇದೇ ಪಟೇಲರು ರಾಷ್ಟ್ರೀಕರಣದ ಗುಟ್ಟಿನ ತಯಾರಿಯಲ್ಲೂ ಪ್ರಮುಖರು ಅನ್ನೋದು ವಿಚಿತ್ರ.

ಇಡೀ ವಿಚಾರಣೆ, ವರದಿ ಎಲ್ಲ ಸೇರಿ ತಿಂಗಳೂ ಹಿಡಿಯಲಿಲ್ಲ. ಷೇರುಪೇಟೆ ಉಳಿಸುವ ಕಾರಣವನ್ನು ಛಾಗ್ಲಾ ಒಪ್ಪಲಿಲ್ಲ. ಕಾರ್ಯದರ್ಶಿ ಮಾಡಿದ್ದಕ್ಕೆ ಸಂವಿಧಾನದ ಪ್ರಕಾರ ಮಂತ್ರಿಯೇ ಹೊಣೆ ಅಂದರು. 1958ರ ಫೆಬ್ರುವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು, ಆ ವರ್ಷದ ಬಜೆಟ್ ನೆಹರೂ ಅವರೇ ಮಂಡಿಸಬೇಕಾಯಿತು. ಮುಂಧ್ರಾ ಜೈಲು ಸೇರಿದ. ಪಟೇಲರು ಸರ್ಕಾರಿ ಕೆಲಸ ಬಿಟ್ಟು ರಾಜಕೀಯಕ್ಕೆ ಬಂದು 1977ರಲ್ಲಿ ತಾವೇ ಅರ್ಥಮಂತ್ರಿ ಆದರು. ಸಿನಿಮಾದಲ್ಲಿ ತೋರಿಸಿದ್ದರೆ ಅತಿಯಾಯ್ತು ಅಂತಿದ್ದೆವು.

ಎಲ್‌ಐಸಿ ಹಣ ಪಾಲಿಸಿದಾರರ ಹಿತಕ್ಕೇ ಬಳಕೆ ಆಗಬೇಕು, ಬೇರೆ ಉದ್ದೇಶಕ್ಕೆ ಬಳಸೋದಾದರೆ ಅದು ದೇಶದ ದೊಡ್ಡ ಹಿತವೇ ಆಗಿರಬೇಕು ಅನ್ನೋದು ಛಾಗ್ಲಾ ವರದಿಯ ತಿರುಳು. ಗಮನಿಸಿ, ದಾಲ್ಮಿಯಾ ಕಾಲದಲ್ಲಿ ಕಂಪನಿ ಖಾಸಗಿ, ಮುಂಧ್ರಾ ಕಾಲದಲ್ಲಿ ಸರ್ಕಾರಿ. ಮಾಲೀಕ ಬದಲಾದ ಮಾತ್ರಕ್ಕೆ ಹಣಕ್ಕೆ ಕಾವಲು ಸಿಗಲಿಲ್ಲ. ಎರಡು ಸಲವೂ ಕಾವಲಾಗಿದ್ದು ಸಂಸತ್ತಿನಲ್ಲಿ ಎದ್ದ ಪ್ರಶ್ನೆ. ಎರಡನೇ ಸಲ ಅದಕ್ಕೆ ತೆರೆದ ಬಾಗಿಲಿನ ವಿಚಾರಣೆಯೂ ಜೊತೆಯಾಯಿತು.

ಇವತ್ತು ನಮ್ಮ ಕಂತು ಪ್ರತಿ ತಿಂಗಳು ಬ್ಯಾಂಕ್ ಖಾತೆಯಿಂದ ತನ್ನಷ್ಟಕ್ಕೆ ಕಡಿತ ಆಗುತ್ತೆ, ನಾವು ಮೆಸೇಜನ್ನೂ ಸರಿಯಾಗಿ ಓದೋದಿಲ್ಲ. ಆ ದುಡ್ಡು ಮುಂದೆ ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕು ಮಾತ್ರ 1958ರಲ್ಲಿ ಆ ರಸ್ತೆಯಲ್ಲಿ ನಿಂತವರಿಗೆ ಇದ್ದಷ್ಟೇ ನಮಗೂ ಇದೆ.