ತಗ್ಗು ನೆಲದ ಲೆಕ್ಕ



ಕಳೆದ ತಿಂಗಳು ಔರಾದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಅವನು ಎಂಜಿನಿಯರ್. ಕೆರೆಯಂಚಿನ ಉದ್ಯಾನವೊಂದರ ಕಾಲುದಾರಿ ಮತ್ತು ಚರಂಡಿಗಳ ದುರಸ್ತಿ ಅವನ ಪಾಲಿಗೆ ಬಂದಿದೆಯಂತೆ. “ಸರ್, ಪಕ್ಕದ ಜೌಗು ನೆಲಕ್ಕೆ ಮುರುಮು ತುಂಬಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಮನಸ್ಸು ಒಪ್ಪುತ್ತಿಲ್ಲ. ಇತಿಹಾಸ ಕಲಿಸಿದವರು ನೀವು, ಏನು ಹೇಳುತ್ತೀರಿ?” ಎಂದು ಕೇಳಿದ. ಅವನಿಗಿತ್ತ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾಹನು (ಆಳ್ವಿಕೆ 1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಬೀದರ ನಿಂತಿರುವುದು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ. ರಂಧ್ರಮಯವಾದ ಈ ಕೆಂಪು ಕಲ್ಲು ಮಳೆನೀರನ್ನು ಹೀರಿಕೊಳ್ಳುತ್ತದೆ. ಅದರಡಿಯ ಜೇಡಿ ಮತ್ತು ಕಪ್ಪು ಬಸಾಲ್ಟ್ ಶಿಲೆ ಆ ನೀರನ್ನು ತಡೆಯುತ್ತವೆ. ಹೀಗೆ ತಡೆಯಲ್ಪಟ್ಟ ನೀರು ಹಾಸಿನ ಅಂಚಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ಗುರುನಾನಕ್ ಝೀರಾ, ಪಾಪನಾಶ ಇವೆಲ್ಲವೂ ಈ ನೀರಿನ ಕೊಡುಗೆಗಳೇ.

ಈ ಗುಟ್ಟನ್ನರಿತು ಬಹಮನಿಗಳ ಕಾಲದಲ್ಲಿ ಪರ್ಷಿಯಾದ ವಿದ್ಯೆಯಿಂದ ಕರೇಜ್‌ಗಳನ್ನು ತೋಡಿದರು. ನಮ್ಮ ಜನ ಇವನ್ನು ಸುರಂಗ ಬಾವಿ ಎನ್ನುತ್ತಾರೆ. ನೌಬಾದಿನದು, ಶುಕ್ಲತೀರ್ಥದ್ದು, ಜಮುನಾ ಮೋರಿ ಎಂದು ಮೂರು ಕರೇಜ್‌ಗಳನ್ನು ಗುರುತಿಸಲಾಗಿದೆ. ನೌಬಾದಿನ ಸುರಂಗದ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಗಾಳಿ, ಬೆಳಕು ಹಾಗೂ ಹೂಳೆತ್ತುವ ಕೆಲಸಕ್ಕಾಗಿ ನೆಲದಿಂದ ಅದರೊಳಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಬಾವಿಗಳನ್ನು ಇಳಿಸಿದ್ದಾರೆ. ಪಂಪಿಲ್ಲ, ರಾಟೆಯಿಲ್ಲ, ಇಳಿಜಾರೊಂದೇ ಸಾಕಾಗಿತ್ತು.

ಕಾಲಾಂತರದಲ್ಲಿ ಆ ಬಾವಿಗಳು ಹಾಳು ಗುಂಡಿಗಳೆಂದು ಎಣಿಸಲ್ಪಟ್ಟವು. ಕೆಲವಕ್ಕೆ ಕಸ ಬಿತ್ತು, ಕೆಲವಕ್ಕೆ ಮಣ್ಣು ಬಿತ್ತು, ಕೆಲವುಗಳ ಮೇಲೆ ಕಟ್ಟಡ ಎದ್ದಿತು. ಯಾರೂ ವೈರದಿಂದ ಮಾಡಿದ್ದಲ್ಲ. ಅವು ಏತಕ್ಕಿದ್ದವೆಂಬುದು ಮರೆತುಹೋಗಿತ್ತು. 2015ರ ಸುಮಾರಿಗೆ ಜಿಲ್ಲಾಡಳಿತ ಹೂಳೆತ್ತಿಸಿದಾಗ ಶತಮಾನಗಳ ಹಿಂದಿನ ಸುರಂಗದಲ್ಲಿ ನೀರು ಮತ್ತೆ ಕಾಣಿಸಿತು. 2020ರ ವಿಶ್ವ ಸ್ಮಾರಕಗಳ ಕಾವಲು ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆಗಳಿಗೂ ಸ್ಥಾನ ದೊರೆಯಿತು.

ಇನ್ನು ಕೆಳಗಿನ ಸೀಮೆ. ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ ಗೋದಾವರಿಯನ್ನು ಸೇರುವ ಮಾಂಜ್ರಾ ನದಿ ಭಾಲ್ಕಿ, ಔರಾದಗಳ ಕರಿಮಣ್ಣಿನ ನಡುವೆ ಹರಿಯುತ್ತದೆ. ಅದಕ್ಕೆ ಕಾರಂಜಾ ಬಂದು ಕೂಡುತ್ತದೆ. ಕರಿಮಣ್ಣು ನೆನೆದು ಉಬ್ಬಿದ ಮೇಲೆ ನೀರನ್ನು ಬೇಗ ಇಂಗಿಸಿಕೊಳ್ಳದು. ಆದ್ದರಿಂದ ಹೊಳೆಗೆ ಅಕ್ಕಪಕ್ಕದಲ್ಲಿ ಹರಡಿಕೊಳ್ಳಲು ತಗ್ಗು ಬೇಕು. 2025ರ ಮಳೆಗಾಲದಲ್ಲಿ ಮಾಂಜ್ರಾ ಉಕ್ಕಿ ಹೊಲಗಳು ಜಲಾವೃತವಾದುದನ್ನು ನೀವೂ ಕಂಡಿದ್ದೀರಿ.

ಈಗ ನನ್ನದೊಂದು ತಪ್ಪನ್ನು ಹೇಳಬೇಕು. 1981ರಲ್ಲಿ ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆಲಸಕ್ಕಿದ್ದೆ. ಶಾಲೆಯ ಹಿಂದೆ, ಹಳ್ಳದ ಮಗ್ಗುಲಿಗೆ, ಆಪು ಬೆಳೆದ ತಗ್ಗೊಂದಿತ್ತು. ಶ್ರಮದಾನವೆಂದು ಮಕ್ಕಳ ಕೈಯಿಂದ ಬುಟ್ಟಿ ಬುಟ್ಟಿ ಮಣ್ಣು ಹೊರಿಸಿ ಅದನ್ನು ತುಂಬಿಸಿ ಹೂದೋಟ ಮಾಡಿದೆ. ಮೇಲಧಿಕಾರಿಗಳು ಮೆಚ್ಚಿದರು, ನಾನು ಹಿಗ್ಗಿದೆ. ಮರುವರ್ಷದ ಮಳೆಗೆ ಹಳ್ಳ ಉಕ್ಕಿ, ನನ್ನ ತರಗತಿಯ ಹುಡುಗನೊಬ್ಬನ ಮನೆಯ ಹಗೇವಿಗೆ ನೀರು ನುಗ್ಗಿತು. ವರ್ಷದ ಜೋಳ ಕೊಳೆತು ಹೋಯಿತು. ಅವನ ಅಜ್ಜಿ ಬೈಯಲಿಲ್ಲ. “ಹಳ್ಳ ಬಂದಾಗ ನೀರು ಅಲ್ಲೇ ನಿಂದರ್ತಿತ್ತು ನೋಡ್ರಿ ಮಾಸ್ತರ. ಈಗ ಅದು ಎಲ್ಲಿಗಿ ಹೋಗ್ಬೇಕು?” ಎಂದಷ್ಟೇ ಕೇಳಿದರು. ಸಂಬಳದಿಂದ ಎರಡು ಚೀಲ ಜೋಳ ಕೊಡಿಸಿದೆ. ಆ ಬೇಸಿಗೆಯಲ್ಲಿ ತೋಟವನ್ನು ಅಗೆದು ತಗ್ಗನ್ನು ಮತ್ತೆ ತೆರವು ಮಾಡಿದೆವು. ಆದರೂ ಪ್ರಶ್ನೆ ನನ್ನೊಳಗೆ ಉಳಿದಿದೆ.

ಎಂಜಿನಿಯರನಿಗೆ ನಾನು ಹೇಳಿದ್ದು ಇಷ್ಟು: ಮೊದಲು ಊರಿನ ಹಿರಿಯರನ್ನು ಕೇಳಿ ಮಹಾಪೂರದ ಗುರುತು ಎಲ್ಲಿಯವರೆಗೆ ಬಂದಿತ್ತೆಂದು ತಿಳಿದುಕೋ. ಕೆಲಸವನ್ನು ಬೇಸಿಗೆಯಲ್ಲಿ ಮಾಡು, ಮೃಗಶಿರಾ ಮಳೆಗೆ ಮುನ್ನ ಮುಗಿಸು. ಅಗೆದ ಮಣ್ಣನ್ನೂ ಸಿಮೆಂಟಿನ ರಾಡಿಯನ್ನೂ ನೀರಿಗೆ ಜಾರದಂತೆ ಎತ್ತರದಲ್ಲಿಡು. ಜೌಗಿನಲ್ಲಿ ದಾರಿ ಅನಿವಾರ್ಯವಾದರೆ ತುಂಬಬೇಡ; ಕಂಬಗಳ ಮೇಲೆ ಏರಿಸು ಅಥವಾ ಸಾಕಷ್ಟು ಮೋರಿಗಳನ್ನಿಡು. ಆಪನ್ನು ಕೀಳಬೇಡ, ಅದು ಹೂಳನ್ನು ಹಿಡಿಯುತ್ತದೆ, ದಂಡೆಯನ್ನು ಕಾಯುತ್ತದೆ.

ಜೌಗು ನೆಲಗಳ ರಕ್ಷಣೆಗಾಗಿ 1971ರಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡದ್ದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ. ಅದು ಕ್ಯಾಸ್ಪಿಯನ್ ತೀರದಲ್ಲಿ, ನಮ್ಮ ಮಹಮೂದ್ ಗವಾನನ ತವರಾದ ಗಿಲಾನಿನ ಮಗ್ಗುಲಲ್ಲಿದೆ. ನೀರಿನ ವಿದ್ಯೆ ಆ ನಾಡಿನಿಂದ ನಮಗೆ ಎರಡು ಬಾರಿ ಬಂದಂತಾಯಿತು.

ನಿನ್ನೆ ಅವನು ಮತ್ತೆ ಕರೆ ಮಾಡಿದ್ದ. ನಕ್ಷೆಯಲ್ಲಿ ದಾರಿಯನ್ನು ಮೇಲಕ್ಕೆ ಸರಿಸಿದ್ದಾನಂತೆ. ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಸಿಗಲೆಂದು ಹಾರೈಸುತ್ತೇನೆ. ನಿಮ್ಮೂರಿನಲ್ಲಿಯೂ ಇಂಥ ತಗ್ಗುಗಳಿದ್ದರೆ, ಯಾರಾದರೂ ತುಂಬುವ ಮೊದಲೇ ಮಕ್ಕಳಿಗೆ ತೋರಿಸಿ, ಅವು ಏತಕ್ಕಿವೆಯೆಂದು ಹೇಳಿರಿ.